ಪದಚರ್ಚೆ: ಗೆಟ್ಟರ್, ಸೆಟ್ಟರ್‌ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.
ಡಿಪ್ಲೊಮಾ ಮಕ್ಕಳಿಗೆ ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ) ಪಾಠ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಯಂತ್ರಾನುವಾದ ‘ಪ್ರಾಪರ್ಟಿ’ಯನ್ನು ‘ಆಸ್ತಿ’ ಮಾಡಿತ್ತು, ‘ಗುಣ’ ಎಂದು ತಿದ್ದಿದೆ. ಗುಣದ ಬೆಲೆಯನ್ನು ಕೇಳಿದಾಗ ಕೊಡುವ ಫಂಕ್ಷನ್ (ಪ್ರೋಗ್ರಾಮಿನ ಒಂದು ತುಣುಕು) ಗೆಟ್ಟರ್, ಹೊಸ ಬೆಲೆ ಇಡುವುದು ಸೆಟ್ಟರ್. ಇವುಗಳ ಹತ್ತಿರ ಸಿಕ್ಕಿಕೊಂಡೆ. ‘ಖಾತೆ.ಬಾಕಿ = 500’ ಎಂದರೆ ಸುಮ್ನೆ ಬೆಲೆ ಇಟ್ಟ ಹಾಗೆ ಕಾಣುತ್ತದೆ, ಒಳಗೆ ಸೆಟ್ಟರ್ ಓಡಿರುತ್ತದೆ. ನಾವು ಅದನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ. ಹಾಗಿರುವಾಗ ಸೆಟ್ಟರನ್ನು ‘ಕರೆಯಲಾಗುತ್ತದೆ’ ಎಂದು ಬರೆದರೆ ಸರಿಯೇ?
– ವಿ.

ಓದುಗ, ಕೇಳುಗ ಇದ್ದ ಹಾಗೆ ‘ಪಡೆಯುಗ’, ‘ಇಡುಗ’. ಮುಗಿಯಿತು. ‘ಸೆಟ್ಟರ್’ ಎಂದು ಬರೆದರೆ ನಮ್ಮೂರಲ್ಲಿ ಅಂಗಡಿ ಶೆಟ್ಟರು ಎಂದುಕೊಳ್ಳುತ್ತಾರೆ.
– ಕೆ.

‘ಗ’ ಹತ್ತುವುದು ಮನುಷ್ಯರಿಗೆ, ಸಾರ್. ಫಂಕ್ಷನ್‌ಗಲ್ಲ. ಅದೂ ಅಲ್ಲದೆ ಪಡೆಯುವವರು ನಾವು. ಗೆಟ್ಟರ್ ಕೊಡುತ್ತದೆ. ನಿಮ್ಮ ಪದ ತಿರುಗುಮುರುಗು.
– ಎಸ್.

ಪದ ಆಮೇಲೆ. ಯಾವಾಗ ಓಡುತ್ತದೆ ಎಂಬುದನ್ನು ಮೊದಲು ಸರಿಯಾಗಿ ಬರೆಯಿರಿ, ಮೇಡಂ. ‘ಖಾತೆ.ಬಾಕಿ += 50’ (ಇದ್ದ ಬಾಕಿಗೆ 50 ಸೇರಿಸು) ಎಂದರೆ ಮೊದಲು ಗೆಟ್ಟರ್, ಆಮೇಲೆ ಸೆಟ್ಟರ್. ‘ಖಾತೆ.ಪಟ್ಟಿ.ಅಪೆಂಡ್’ (ಪಟ್ಟಿಯ ಕೊನೆಗೆ ಸೇರಿಸು) ಎಂದರೆ ಬರೀ ಗೆಟ್ಟರ್! ಸೆಟ್ಟರ್‌ನಲ್ಲಿ ಇಟ್ಟ ತಪಾಸಣೆಯ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಇದು ಗೊತ್ತಾಗದೆ ನನ್ನ ಒಂದು ಮಧ್ಯಾಹ್ನ ಪೂರ್ತಿ ಹೋಗಿದೆ. ಕ್ಲಾಸ್ ಎಂಬ ಅಚ್ಚಿನಿಂದ ಹೊಸ ವಸ್ತು ಮಾಡುವಾಗ ಓಡುವ ‘ಇನಿಟ್’ ಒಳಗೆ ಗುಣಕ್ಕೆ ಬೆಲೆ ಇಟ್ಟರೂ ಸೆಟ್ಟರ್ ಓಡುತ್ತದೆ. ಸ್ವಿಫ್ಟ್ ಎಂಬ ಇನ್ನೊಂದು ಭಾಷೆಯಲ್ಲಿ ಬೆಲೆ ಇಟ್ಟ ಮೇಲೆ ಓಡುವ ‘ಡಿಡ್‌ಸೆಟ್’ ಮಾತ್ರ ತನ್ನದೇ ಕ್ಲಾಸಿನ ಇನಿಟ್‌ನಲ್ಲಿ ಓಡುವುದಿಲ್ಲ. ಇನ್ನು, ಸೆಟ್ಟರ್ ಒಳಗೇ ‘ಸೆಲ್ಫ್.ಬಾಕಿ’ಗೆ (ಅಂದರೆ ಅದೇ ಗುಣಕ್ಕೆ) ಬೆಲೆ ಇಟ್ಟರೆ ಅದು ತನ್ನನ್ನೇ ಮತ್ತೆ ಮತ್ತೆ ಕರೆದುಕೊಂಡು, ಸುಮಾರು 1000 ಸಲ ಆದ ಮೇಲೆ ಪೈಥಾನ್ ಕೈ ಚೆಲ್ಲುತ್ತದೆ. ಅದಕ್ಕೇ ಒಳಗೆ ‘_ಬಾಕಿ’ ಎಂದು ಬೇರೆ ಹೆಸರು ಇಡುವುದು.
– ಎಂ.

ಫಂಕ್ಷನ್, ಕ್ಲಾಸ್, ಇನಿಟ್... ಕನ್ನಡದ್ದು ಅಂತ ಉಳಿದದ್ದು ವಿಭಕ್ತಿ ಪ್ರತ್ಯಯ ಮಾತ್ರ.
– ಕೆ.

‘ಬಾಕಿ’ಗೆ ಸುಮ್ಮನಿದ್ದಿರಲ್ಲ? ಅದು ಅರಬ್ಬಿಯಿಂದ ಬಂದದ್ದು. ಅರ್ಜಿ, ಕುರ್ಚಿ ಎಲ್ಲ ವಾಪಸ್ ಕೊಟ್ಟು ಬನ್ನಿ, ಆಮೇಲೆ ಸೆಟ್ಟರ್ ವಿಚಾರ ಮಾತಾಡೋಣ.
– ಎಸ್.

ಅವು ನಾಲಿಗೆಯಲ್ಲಿ ಸವೆದು ಕನ್ನಡ ಆದವು. ನೀವು ನಿನ್ನೆ ಬಂದದ್ದಕ್ಕೆ ಇವತ್ತೇ ಮಣೆ ಹಾಕುತ್ತೀರಿ.
– ಕೆ.

ಗೆಟ್ಟರ್, ಸೆಟ್ಟರ್ ಹಾಗೇ ಉಳಿಸಿಕೊಂಡೆ. ‘ಕರೆಯಲಾಗುತ್ತದೆ’ ತೆಗೆದು ‘ತಾನಾಗಿ ಓಡುತ್ತದೆ’ ಎಂದು ಹಾಕಿದೆ. ಅಪೆಂಡ್ ಉದಾಹರಣೆಯನ್ನೂ ಸೇರಿಸಿದೆ, ಎಂ. ಅವರೇ, ಥ್ಯಾಂಕ್ಸ್. ಅಚ್ಚಿನವರು ಆಗಲೇ ಎರಡು ಸಲ ಫೋನ್ ಮಾಡಿದರು.
– ವಿ.

‘ಓಡುತ್ತದೆ’ ಕೂಡ ಇಂಗ್ಲಿಷಿನ ‘ರನ್’ ಅಲ್ವಾ?
– ಕೆ.