ಸೂಸನ್ ಪೊವೆಲ್ ಪ್ರಕರಣ: ಗಂಡನನ್ನು ಏಕೆ ಬಂಧಿಸಲಿಲ್ಲ?

ಪ್ರಶ್ನೆ:
ಅಮೆರಿಕದ ಯೂಟಾ ರಾಜ್ಯದ ವೆಸ್ಟ್ ವ್ಯಾಲಿ ಸಿಟಿಯಿಂದ 2009ರ ಡಿಸೆಂಬರ್‌ನಲ್ಲಿ ಕಣ್ಮರೆಯಾದ ಸೂಸನ್ ಪೊವೆಲ್ ಇಂದಿಗೂ ಪತ್ತೆಯಾಗಿಲ್ಲ. ಆಕೆ ವಿಚ್ಛೇದನದ ಯೋಚನೆಯಲ್ಲಿದ್ದರು. ಕೊರೆಯುವ ಚಳಿಯ ಆ ನಡುರಾತ್ರಿ, ನಾಲ್ಕು ಮತ್ತು ಎರಡು ವರ್ಷದ ಮಕ್ಕಳೊಂದಿಗೆ ಬಯಲಿನಲ್ಲಿ ಬಿಡಾರ ಹೂಡಲು ಹೋಗಿದ್ದೆ ಎಂದ ಗಂಡನನ್ನು ಪೊಲೀಸರು ಏಕೆ ಬಂಧಿಸಲಿಲ್ಲ?

ಉತ್ತರ 1:
ಶವ ಸಿಗದಿದ್ದರೂ ಸಾಂದರ್ಭಿಕ ಸಾಕ್ಷ್ಯಗಳ ಬಲದಿಂದ ಕೊಲೆಯನ್ನು ಸಾಬೀತುಪಡಿಸಬಹುದು. ಆದರೆ ಒಮ್ಮೆ ಖುಲಾಸೆಯಾದವನನ್ನು ಅಲ್ಲಿ ಅದೇ ಆರೋಪದ ಮೇಲೆ ಮತ್ತೆ ವಿಚಾರಣೆಗೆ ಒಳಪಡಿಸುವಂತಿಲ್ಲವಾದ್ದರಿಂದ, ಶವಕ್ಕಾಗಿ ಕಾಯುವುದೇ ಲೇಸೆಂದು ಪ್ರಾಸಿಕ್ಯೂಟರುಗಳು ಹಿಂಜರಿಯುತ್ತಾರೆ. ಮನೆಯಲ್ಲಿ ಒದ್ದೆಯಾದ ಸೋಫಾ, ಅದನ್ನು ಒಣಗಿಸಲು ಇಟ್ಟ ಫ್ಯಾನುಗಳು, ನೆಲದ ಮೇಲೆ ಆಕೆಯ ರಕ್ತ, ಇಷ್ಟೆಲ್ಲ ಸಿಕ್ಕ ಮೇಲೂ ಕಾದದ್ದು ತಪ್ಪೆಂದೇ ನನ್ನ ದೃಢ ಅಭಿಪ್ರಾಯ.

ಉತ್ತರ 2:
ನನ್ನನ್ನು ಹೆಚ್ಚು ಕಾಡುವುದು ಆಕೆ 2008ರಲ್ಲಿ ಕೈಬರಹದಲ್ಲಿ ಬರೆದು ಬ್ಯಾಂಕಿನ ಲಾಕರಿನಲ್ಲಿಟ್ಟಿದ್ದ ಉಯಿಲು. ತಾನು ಸತ್ತರೆ, ಅಪಘಾತದಂತೆ ಕಂಡರೂ ಅದು ಅಪಘಾತವಲ್ಲದಿರಬಹುದು ಎಂಬ ಅರ್ಥದ ಮಾತು ಅದರಲ್ಲಿತ್ತು. ಹಿಂಸೆಯ ದಾಂಪತ್ಯದಿಂದ ಹೆಣ್ಣು ಹೊರಬರುವ ಹೊತ್ತೇ ಆಕೆಗೆ ಅತ್ಯಂತ ಅಪಾಯದ ಹೊತ್ತು. ಹಿಡಿತ ತಪ್ಪುತ್ತಿದೆ ಎಂದು ಗಂಡನಿಗೆ ಆಗಲೇ ಅರಿವಾಗುತ್ತದೆ. ಇಂಥ ಪತ್ರ ಬರೆಯುವವರು, ದಯವಿಟ್ಟು, ಅದರ ಪ್ರತಿಯನ್ನು ನಂಬಿಕಸ್ಥರೊಬ್ಬರ ಕೈಗೂ ಕೊಟ್ಟಿರಬೇಕು.

ಉತ್ತರ 3:
ಮಕ್ಕಳನ್ನು ಮರೆಯಬಾರದು. 2012ರ ಫೆಬ್ರವರಿಯಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ, ಬೇರೊಬ್ಬರ ಮೇಲ್ವಿಚಾರಣೆಯಲ್ಲಷ್ಟೇ ನಡೆಯಬೇಕಿದ್ದ ತಂದೆ-ಮಕ್ಕಳ ಭೇಟಿಗೆಂದು ಅವರನ್ನು ಕರೆತಂದಿದ್ದ ಮಹಿಳೆಯನ್ನು ಹೊರಗೇ ನಿಲ್ಲಿಸಿ ಬಾಗಿಲು ಹಾಕಿಕೊಂಡ ತಂದೆ, ಮನೆಗೆ ಬೆಂಕಿಯಿಟ್ಟು, ಇಬ್ಬರನ್ನೂ ಕೊಂದು ತಾನೂ ಸತ್ತ. ಮರುವರ್ಷ ಪೊಲೀಸರು ಸಕ್ರಿಯ ತನಿಖೆಯನ್ನು ನಿಲ್ಲಿಸಿದರು. ಮಕ್ಕಳ ವಿಷಯದಲ್ಲಿ ಆ ರಾಜ್ಯವು ನಿರ್ಲಕ್ಷ್ಯ ತೋರಿತ್ತೆಂದು ಜ್ಯೂರಿ ತೀರ್ಮಾನಿಸಿದ್ದು 2020ರಲ್ಲಿ.