ಬಸಣ್ಣನ ಕಾರಿಗೆ ಹೊಗೆ ಇಲ್ಲವಂತೆ

ಬಸಣ್ಣ ಎಲೆಕ್ಟ್ರಿಕ್ ಕಾರು ತಂದಾಗಿನಿಂದ ಕಲಬುರಗಿಯ ಬಿಸಿಲು ಸ್ವಲ್ಪ ಇಳಿದಿದೆಯಂತೆ. ಹಾಗಂತ ಅವನೇ ಹೇಳುತ್ತಾನೆ, ನಮಗ್ಯಾರಿಗೂ ಗೊತ್ತಾಗಿಲ್ಲ. ಅಪ್ಪನ ಕೆರೆ ಸುತ್ತ ವಾಕಿಂಗ್ ಮುಗಿಸಿ ಚಹಾ ಕುಡಿಯೋ ನಮ್ಮ ಗುಂಪಿನಲ್ಲಿ ಈಗ ದಿನಾ ಇದೇ ಪುರಾಣ.

"ಸೈಲೆನ್ಸರ್ರೇ ಇಲ್ಲ ಅಂದ ಮ್ಯಾಲ ಹೊಗಿ ಎಲ್ಲಿಂದ ಬರ್ತದ್ರಿ?" ಅಂದ.

"ಹೊಗೆ ಇಲ್ಲಿ ಬರಲ್ಲ ಅಷ್ಟೇ" ಅಂದರು ಸುವರ್ಣಾ ಮೇಡಂ. ಕೆಮಿಸ್ಟ್ರಿ ಕಲಿಸಿ ರಿಟೈರ್ ಆದವರು, ಕ್ಲಾಸಿಲ್ಲದೆ ಈಗ ನಮ್ಮನ್ನ ಹಿಡಿದುಕೊಂಡಿದ್ದಾರೆ. "ಒಂದು ಟನ್ ಉಕ್ಕು ಮಾಡೋಕೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗುತ್ತೆ. ನಿನ್ನ ಕಾರೇನು ಹಲಗೆಯಲ್ಲಿ ಮಾಡಿದ್ದಾ?"

ಅಲ್ಲಿಂದ ಮಾತು ಬಳ್ಳಾರಿಗೆ ಹೋಯಿತು. ಸಂಡೂರಿನ ಗುಡ್ಡಗಳನ್ನು ಅಗೆದಗೆದು ಅದಿರನ್ನು ಹಡಗಿಗೆ ತುಂಬಿ ಚೀನಾಕ್ಕೆ ಕಳಿಸಿದ್ದು, 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿದ್ದು, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೇ ತಡೆ ಹಾಕಿದ್ದು, ಎಲ್ಲಾ ಬಂತು. ಗುಡ್ಡ ನಮ್ಮದು, ಕುಲುಮೆ ಅವರದು, ಕಾರು ಇನ್ಯಾರದೋ. ಕೆಂಪು ಧೂಳು ಮಾತ್ರ ರಫ್ತಾಗಲಿಲ್ಲ, ಇಲ್ಲೇ ಉಳಿಯಿತು.

"ಬ್ಯಾಟರಿ ಮಾತಾಡ್ರಿ ಮೇಡಂ" ಅಂತ ಗ್ಯಾರೇಜ್ ಇಸ್ಮಾಯಿಲ್ ಕೆಣಕಿದ. ಎಲೆಕ್ಟ್ರಿಕ್ ಗಾಡಿಗೆ ಆಯಿಲ್ ಬದಲಿಸೋ ಕೆಲಸವೇ ಇಲ್ಲ, ಅವನ ಹೊಟ್ಟೆ ಉರಿ ಅವನಿಗೆ.

ಇಂಥ ಹಲವು ಬ್ಯಾಟರಿಗಳಿಗೆ ಬಳಸೋ ಲೋಹಗಳ ಕಥೆ ಮೇಡಂ ಶುರು ಮಾಡಿದರು. ಜಗತ್ತಿನ ಕೋಬಾಲ್ಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಗೋದು ಕಾಂಗೋದಲ್ಲಿ, ಶುದ್ಧ ಮಾಡೋದು ಹೆಚ್ಚಾಗಿ ಚೀನಾದಲ್ಲಿ. ನಿಕ್ಕಲ್ ಇಂಡೋನೇಷ್ಯಾದ್ದು, ಅದನ್ನ ಕರಗಿಸೋಕೆ ಅಲ್ಲಿ ಕಲ್ಲಿದ್ದಲು ಸುಡುತ್ತಾರೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ದೊಡ್ಡ ದೊಡ್ಡ ಹೊಂಡದಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ಬಿಟ್ಟು, ಆಮೇಲೆ ಲಿಥಿಯಂ ತೆಗೆಯುತ್ತಾರೆ.

"ಬಿಸಿಲೇ ಬೇಕಂದ್ರ ಅಷ್ಟ್ ದೂರ ಯಾಕ?" ಅಂದ ಇಸ್ಮಾಯಿಲ್. "ಏಪ್ರಿಲ್‌ನಾಗ ನಮ್ಮ ಮಾಳಿಗಿ ಮ್ಯಾಲ ಇಡ್ರಿ, ಎರಡು ದಿನದಾಗ ಒಣಗ್ತದ."

"ನಗಬೇಡ. ಯಾದಗಿರಿ ಜಿಲ್ಲೆಯಲ್ಲೂ ಕೇಂದ್ರದ ಪರಮಾಣು ಖನಿಜ ಇಲಾಖೆಯವರು ಲಿಥಿಯಂ ಇದೆಯಾ ಅಂತ ಹುಡುಕಿದ್ದಾರೆ."

ಇಸ್ಮಾಯಿಲ್ ಚಹಾ ಕೆಳಗಿಟ್ಟ. ಅವನ ಮಾವನ ತೊಗರಿ ಹೊಲ ಯಾದಗಿರಿ ಕಡೆಯೇ. ಮೊದಲು ಮುಖ ಅರಳಿತು, ಎಕರೆಗೆ ಎಷ್ಟು ಕೊಡಬಹುದು ಅಂತ ಬೆರಳು ಎಣಿಸಿದ. ಆಮೇಲೆ ಮೆಲ್ಲಗೆ ಕೇಳಿದ: "ಅಗದ್ರ ಬಾವಿ ನೀರು ಉಳೀತದೇನ್ರಿ?" ಕಾಂಗೋ, ಚಿಲಿ ಅಂದಾಗ ಇವನೇ ಭಜಿ ತಿನ್ನುತ್ತಾ ನಗುತ್ತಿದ್ದ. ಯಾರೂ ಉತ್ತರ ಕೊಡಲಿಲ್ಲ. ವಾಡಿ ಕಡೆಯಿಂದ ಬರೋ ನಮ್ಮ ಶರಣಪ್ಪ ಮಾತ್ರ, "ಧೂಳು ಅಂದ್ರ ಏನಂತ ನಮ್ಮ ಕಡೆ ಕೇಳ್ರಿ, ಸಿಮೆಂಟ್ ಫ್ಯಾಕ್ಟರಿ ಪಕ್ಕದಾಗ ಅರಿವಿ ಒಣಗಿಸಿ ನೋಡ್ರಿ" ಅಂದ.

ಬಸಣ್ಣನ ಮುಖ ಇಳಿದಿತ್ತು. "ಹಂಗಾದ್ರ ನಾ ತಂದಿದ್ದೇ ತಪ್ಪಾ?"

"ತಪ್ಪಲ್ಲಪ್ಪ" ಅಂದರು ಮೇಡಂ. ತಯಾರಾಗುವಾಗ ಪೆಟ್ರೋಲ್ ಕಾರಿಗಿಂತ ಇದರ ಹೊಗೆ ಜಾಸ್ತಿ, ಬ್ಯಾಟರಿಯ ಕಾರಣಕ್ಕೆ. ಅಂದರೆ ಸಾಲ ಮಾಡಿಕೊಂಡೇ ಮನೆಗೆ ಬರುತ್ತೆ. ಆದರೆ ಪೆಟ್ರೋಲ್ ಗಾಡಿ ಬದಲಿಗೆ ಓಡಿದಷ್ಟೂ ಆ ಸಾಲ ತೀರುತ್ತಾ ಹೋಗುತ್ತೆ, ಕೊನೆಗೆ ಲಾಭವೇ. ನಮ್ಮ ಕರೆಂಟಿನಲ್ಲಿ ರಾಯಚೂರಿನ ಶಕ್ತಿನಗರದ ಕಲ್ಲಿದ್ದಲೂ ಇದೆಯಲ್ಲ, ಹಾಗಾಗಿ ತೀರೋದು ಸ್ವಲ್ಪ ನಿಧಾನ. "ಒಟ್ಟಿನಲ್ಲಿ ನಿಲ್ಲಿಸಬೇಡ, ಓಡಿಸು."

ಎಲ್ಲರೂ ಬಸಣ್ಣನ ಕಡೆ ನೋಡಿದೆವು. ಕಾರು ಮನೆಯಲ್ಲಿ ಕವರ್ ಹೊದ್ದು ಮಲಗಿದೆ, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ಅವನು ಬಂದಿದ್ದು ಹಳೇ ಪೆಟ್ರೋಲ್ ಬೈಕಿನಲ್ಲಿ, ಸ್ಟಾಂಡ್ ಹಾಕಿದ ಮೇಲೂ ಅದು ಹೊಗೆ ಬಿಡುತ್ತಿತ್ತು.

"ಸೂಪರ್ ಮಾರ್ಕೆಟ್‌ನಾಗ ಪಾರ್ಕಿಂಗ್ ಎಲ್ಲದ್ರಿ?" ಅಂದ.

"ಕೀಲಿ ಈ ಕಡೆ ಕೊಡು" ಅಂತ ಇಸ್ಮಾಯಿಲ್ ಕೈ ಚಾಚಿದ. "ಎಲ್ಲರೂ ಕೂಡಿ ಗಾಣಗಾಪುರಕ್ಕ ಹೋಗಿ ಬರೋಣ, ಸಾಲಾನೂ ತೀರ್ತದ."

ಬಸಣ್ಣ ಜೇಬು ಗಟ್ಟಿಯಾಗಿ ಹಿಡಿದುಕೊಂಡ. "ಬ್ಯಾಡೋ ಮಾರಾಯಾ, ಧೂಳ್ ಹತ್ತತದ!"