ಆರ್15 ವಿ4: ರೆವ್ ಲಿಮಿಟರ್ ಎತ್ತಿಸಿದ್ರೆ ಇಂಜಿನ್‌ಗೆ ಏನಾಗುತ್ತೆ?

ದುರ್ಗದ_ತಿರುವು (ತುಮಕೂರು)
ಸ್ನೇಹಿತರೇ, ಬೈಕ್ ಯಮಹಾ ಆರ್15 ವಿ4, ಏನೂ ಬದಲಾಯಿಸಿಲ್ಲ. ದೇವರಾಯನದುರ್ಗದ ಏರಲ್ಲಿ ಹಿಂದೆ ಒಬ್ರು ಕೂತಿದ್ರೆ 2ನೇ ಗೇರಲ್ಲೇ ಪೂರ್ತಿ ಎಳೀಬೇಕಾಗುತ್ತೆ. ಮೀಟರ್ ತುದಿ ಮುಟ್ತಿದ್ದಂಗೆ ಇಂಜಿನ್ ಢಗ್ ಢಗ್ ಅಂತ ತಡವರಿಸುತ್ತೆ. ಇದು ಇಂಜಿನ್ ಮಿತಿ ಮೀರಿ ತಿರುಗದಂಗೆ ತಡೆಯೋ ರೆವ್ ಲಿಮಿಟರ್ರೋ, ಬೇರೆ ತೊಂದರೆಯೋ? ಊರಲ್ಲೊಂದು ಅಂಗಡಿಯವರು ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಟ್ಯೂನ್ ಮಾಡಿ ಲಿಮಿಟ್ 1,000 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತೋ ಲೆಕ್ಕ) ಮೇಲಕ್ಕೆ ಎತ್ತಿ ಕೊಡ್ತೀವಿ, ಏನೂ ಆಗಲ್ಲ ಅಂತಿದ್ದಾರೆ. ಮಾಡಿಸಬಹುದಾ?

ಸ್ಪ್ಯಾನರ್_ಸೆಟ್
ಮಾಡಿಸಬೇಡಿ ಗುರು. ಕಾರಣ ಗೊತ್ತಾದ್ರೆ ನಿಮಗೇ ಬೇಡ ಅನ್ಸುತ್ತೆ.

ಪಿಸ್ಟನ್ ತಿರುಗಿಸೋ ಶಾಫ್ಟ್ ಅಂದ್ರೆ ಕ್ರ್ಯಾಂಕ್, ಅದರ ಪಕ್ಕ ಒಂದು ಸೆನ್ಸರ್ ಇದೆ. ಕ್ರ್ಯಾಂಕ್ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಇಸಿಯು ಅದರಿಂದಲೇ ಲೆಕ್ಕ ಹಾಕುತ್ತೆ. ಮಿತಿ ಮುಟ್ಟಿದ ಕೂಡಲೇ ಪೆಟ್ರೋಲ್ ಅಥವಾ ಕಿಡಿ ನಿಲ್ಲಿಸಿ, ಆರ್‌ಪಿಎಂ ಸ್ವಲ್ಪ ಇಳಿದ ಮೇಲೆ ಮತ್ತೆ ಬಿಡುತ್ತೆ. ಇರೋದು ಒಂದೇ ಸಿಲಿಂಡರ್, ಅದಕ್ಕೇ ಆ ನಿಲ್ಲಿಸಿ-ಬಿಡೋದು ಕೈಗೆ ಅಷ್ಟು ಒರಟಾಗಿ ಗೊತ್ತಾಗೋದು.

ಈಗ ಒಳಗಡೆ ನೋಡಿ. ಈ ಇಂಜಿನ್ ಬೋರ್ (ಸಿಲಿಂಡರ್ ಅಗಲ) 58, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 58.7 ಮಿ.ಮೀ. 10,000 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 19.5 ಮೀಟರ್ ದಾಟುತ್ತೆ, ಒಂದೊಂದು ವಾಲ್ವ್ ಸೆಕೆಂಡಿಗೆ 83 ಸಲ ತೆರೆದು ಮುಚ್ಚುತ್ತೆ. ತೆರೆಯೋದು ಕ್ಯಾಮ್, ಮುಚ್ಚೋದು ಸ್ಪ್ರಿಂಗ್. ವೇಗ ಮಿತಿ ಮೀರಿದ್ರೆ ಸ್ಪ್ರಿಂಗ್‌ಗೆ ವಾಲ್ವನ್ನ ಸಮಯಕ್ಕೆ ಎಳ್ಕೊಳ್ಳೋಕೆ ಆಗಲ್ಲ. ವಾಲ್ವ್ ಕ್ಯಾಮ್ ಬಿಟ್ಟು ತೇಲುತ್ತೆ, ಅಷ್ಟರಲ್ಲಿ ಪಿಸ್ಟನ್ ಮೇಲೆ ಬಂದಿರುತ್ತೆ. 11.6:1 ಕಂಪ್ರೆಷನ್ (ಗಾಳಿ-ಪೆಟ್ರೋಲ್ ಒತ್ತೋ ಪ್ರಮಾಣ) ಇರೋ ಹೆಡ್ಡಲ್ಲಿ ಇವೆರಡರ ನಡುವೆ ಜಾಗವೇ ಕಮ್ಮಿ. ಒಂದು ಸಲ ತಾಗಿದ್ರೂ ವಾಲ್ವ್ ಬಾಗುತ್ತೆ, ಕಂಪ್ರೆಷನ್ ಹೋಗುತ್ತೆ. ತುಂಡಾದ್ರೆ ಪಿಸ್ಟನ್ ಮತ್ತು ಸಿಲಿಂಡರ್ ಎರಡೂ ಹಾಳು. ಇದರದ್ದು ಡಯಾಸಿಲ್ (ಅಲ್ಯೂಮಿನಿಯಂ-ಸಿಲಿಕಾನ್ ಎರಕದ) ಸಿಲಿಂಡರ್, ಒಳಗೆ ಸ್ಲೀವ್ ಇಲ್ಲ, ಹಳೇ ಬೈಕ್‌ಗಳ ಥರ ಬೋರ್ ಹೊಡೆಸಿ ಓಡಿಸೋಕಾಗಲ್ಲ. ಬ್ಲಾಕೇ ಬದಲಾಯಿಸಬೇಕು.

ಇನ್ನೊಂದು ಪೆಟ್ಟು ಪಿಸ್ಟನ್ನನ್ನ ಕ್ರ್ಯಾಂಕ್‌ಗೆ ಜೋಡಿಸೋ ಕನೆಕ್ಟಿಂಗ್ ರಾಡಿಗೆ. ಪಿಸ್ಟನ್ ಮೇಲಿನ ತುದೀಲಿ ನಿಂತು ತಿರುಗುವಾಗ ರಾಡನ್ನ ಜಗ್ಗುತ್ತೆ. ಈ ಎಳೆತ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತೆ: 10,000ದಿಂದ 12,000ಕ್ಕೆ ಹೋದ್ರೆ ವೇಗ ಶೇ. 20 ಜಾಸ್ತಿ, ಎಳೆತ ಶೇ. 44 ಜಾಸ್ತಿ. ಎಕ್ಸಾಸ್ಟ್ ಸ್ಟ್ರೋಕಿನ ಕೊನೇಲಿ ಇದು ಅತಿ ಹೆಚ್ಚು, ಯಾಕಂದ್ರೆ ಆಗ ಪಿಸ್ಟನ್ನನ್ನ ಮೇಲಿಂದ ಒತ್ತೋಕೆ ಗ್ಯಾಸ್ ಇರಲ್ಲ. ರಾಡಿನ ಕೆಳ ತುದೀಲಿರೋ ಬಿಗ್ ಎಂಡ್ ಬೇರಿಂಗ್ ಇದರಿಂದ ಬೇಗ ಸವೆಯುತ್ತೆ.

ಇಷ್ಟೆಲ್ಲ ಅಪಾಯ ತಗೊಂಡ್ರೂ ಸಿಗೋದೇನು? ಪವರ್ 18.4 ಪಿಎಸ್ ಬರೋದು 10,000ದಲ್ಲಿ, ಟಾರ್ಕ್ 14.2 ಎನ್ಎಂ ಬರೋದು 7,500ರಲ್ಲಿ. ಅದರಾಚೆ ಎರಡೂ ಇಳಿಮುಖ. ಲಿಮಿಟ್ ಎತ್ತಿದ್ರೆ ಸದ್ದು ಜಾಸ್ತಿ, ಬೈಕ್ ಎಳೆಯೋ ಶಕ್ತಿ ಕಮ್ಮಿ.

ಕಾರ್ಬನ್_ಕೆರೆಯೋನು
ಮೊದಲು ಲಿಮಿಟರ್ರೇ ಹೌದಾ ಅಂತ ಖಾತ್ರಿ ಮಾಡ್ಕೊಳ್ಳಿ. ಇಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೇಲಿ 1ನೇ ಗೇರಲ್ಲಿ ಒಮ್ಮೆ, ಏರಲ್ಲಿ 2ನೇ ಗೇರಲ್ಲಿ ಒಮ್ಮೆ, ಯಾವ ಆರ್‌ಪಿಎಂಗೆ ತಡೆಯುತ್ತೆ ನೋಡಿ. ಎರಡೂ ಕಡೆ ಒಂದೇ ಅಂಕಿ ಬಂದ್ರೆ ಲಿಮಿಟರ್. ಗೇರ್ ಯಾವುದಾದ್ರೂ, ಭಾರ ಎಷ್ಟಿದ್ರೂ ಅದು ಜಾಗ ಬದಲಿಸಲ್ಲ.

ಸಮತಟ್ಟಲ್ಲಿ ಚೆನ್ನಾಗಿದ್ದು ಏರಲ್ಲಿ ಮಾತ್ರ ಮೊದಲೇ ತಡವರಿಸಿದ್ರೆ ಪ್ಲಗ್ ನೋಡಿ. ಗ್ಯಾಪ್ ಹೆಚ್ಚಾಗಿದ್ರೆ ಭಾರ ಬಿದ್ದಾಗ ಕಿಡಿ ತಪ್ಪುತ್ತೆ. ಎಕ್ಸಲರೇಟರ್ ಪೂರ್ತಿ ತಿರುಚಿ ಸ್ವಲ್ಪ ಹೊತ್ತಾದ ಮೇಲೆ ಉಸಿರು ಕಟ್ಟಿದಂಗೆ ಆದ್ರೆ ಪೆಟ್ರೋಲ್ ಪಂಪ್, ಅದರ ಫಿಲ್ಟರ್. 7,400ರ ಹತ್ರ ಮಂಕಾದ್ರೆ ವಿವಿಎ (ವಾಲ್ವ್ ತೆರೆಯೋ ರೀತಿ ಬದಲಿಸೋ ವ್ಯವಸ್ಥೆ) ಸೊಲೆನಾಯ್ಡ್ ಮತ್ತು ಅದರ ವೈರ್ ಪರೀಕ್ಷಿಸಿ, ಇನ್‌ಟೇಕ್ ಕ್ಯಾಮ್ ಬದಲಾಗೋದು ಅಲ್ಲೇ. ಏರ್ ಫಿಲ್ಟರ್ ಧೂಳು ಹಿಡಿದಿದ್ರೆ ಲಿಮಿಟರ್ ತನಕ ಹೋಗೋದೇ ಕಷ್ಟ.

ದುರ್ಗದ_ತಿರುವು
ನೋಡಿದೆ, ಎರಡೂ ಕಡೆ ಒಂದೇ ಅಂಕಿ. ಹಾಗಾದ್ರೆ ಲಿಮಿಟರ್ ಇರೋವರೆಗೂ ಎಷ್ಟು ಎಳೆದ್ರೂ ಭಯ ಇಲ್ಲ ಅಂತಾನಾ?

ಹೆದ್ದಾರಿ_48
ಇಲ್ಲ ಬ್ರದರ್. ಎಕ್ಸಲರೇಟರ್ ತಿರುಚಿದಾಗ ಏರೋ ಆರ್‌ಪಿಎಂ ಮಾತ್ರ ಅದರ ಹತೋಟಿಲಿ ಇರೋದು. ಜೋರಾಗಿ ಎಳೆಯುವಾಗ ಗೇರ್ ಸರಿಯಾಗಿ ಕೂರದೆ ಮಧ್ಯದಲ್ಲಿ ನ್ಯೂಟ್ರಲ್ ಆಯ್ತು, ಮರಳ ಮೇಲೆ ಹಿಂದಿನ ಚಕ್ರ ಸುತ್ತಿತು, ಸವೆದ ಕ್ಲಚ್ ಜಾರಿತು ಅಂದ್ರೆ ಭಾರ ತಪ್ಪಿ ಆರ್‌ಪಿಎಂ ಕಣ್ಣು ಮಿಟುಕಿಸೋದ್ರಲ್ಲಿ ನೆಗೆಯುತ್ತೆ. ಕೈ ಎಕ್ಸಲರೇಟರ್ ಬಿಡೋಕೆ ಮೊದಲೇ ಲಿಮಿಟರ್ ಹಿಡಿಯುತ್ತೆ, ಅದರ ನಿಜವಾದ ಉಪಕಾರ ಇಲ್ಲಿ.

ಇಳಿಜಾರಲ್ಲಿ ತಪ್ಪು ಗೇರ್ ಹಾಕಿದ್ರೆ ಮಾತ್ರ ಅದು ಏನೂ ಮಾಡಲ್ಲ. 3ನೇ ಗೇರ್ ಅನುಪಾತ 1.4, 2ನೇದು 1.9 ಅಂದ್ಕೊಳ್ಳಿ. 3ರಲ್ಲಿ 9,000 ಇದ್ದಾಗ 2ಕ್ಕೆ ಇಳಿಸಿ ಕ್ಲಚ್ ಬಿಟ್ರೆ ಇಂಜಿನ್ 12,200 ದಾಟಲೇಬೇಕು. ಆಗ ಇಂಜಿನ್ನನ್ನ ತಿರುಗಿಸ್ತಿರೋದು ಹಿಂದಿನ ಚಕ್ರ, ಇಸಿಯು ಪೆಟ್ರೋಲ್ ನಿಲ್ಲಿಸಿ ಪ್ರಯೋಜನ ಇಲ್ಲ. ಸ್ಲಿಪ್ಪರ್ ಕ್ಲಚ್ ಜಾರಿ ಹೊಡೆತ ತಗ್ಗಿಸುತ್ತೆ, ಪೂರ್ತಿ ತಪ್ಪಿಸಲ್ಲ. ಬ್ರೇಕ್ ಹಿಡಿದು ವೇಗ ಇಳಿಸಿ, ಆಮೇಲೆ ಒಂದೊಂದೇ ಗೇರ್ ಇಳಿಸಿ.

ಹತ್ತುವಾಗ 10,000ದ ಆಸುಪಾಸಲ್ಲಿ 3ಕ್ಕೆ ಹಾಕಿ. ಅದೇ ಅನುಪಾತಕ್ಕೆ 7,400ರ ಹತ್ರ ಇಳಿಯುತ್ತೆ, ಟಾರ್ಕ್ ತುಂಬಿರೋದೇ ಅಲ್ಲಿ. ಶಿಫ್ಟ್ ಲೈಟನ್ನ ಮೀಟರ್ ಮೆನುವಲ್ಲಿ 10,000ಕ್ಕಿಂತ ಸ್ವಲ್ಪ ಕೆಳಗೆ ಇಟ್ಕೊಳ್ಳಿ, ಕಾಲು ಆಡೋಕೆ ಸಮಯ ಸಿಗುತ್ತೆ.

ಸ್ಪ್ಯಾನರ್_ಸೆಟ್
ಅಪರೂಪಕ್ಕೆ ಲಿಮಿಟರ್ ತಾಗಿದ್ರೆ ಹಾನಿ ಇಲ್ಲ. ಸೆಕೆಂಡುಗಟ್ಟಲೆ ಅಲ್ಲೇ ಹಿಡಿದ್ರೆ ಇಸಿಯು ಪ್ರತಿ ಸಲ ನಿಲ್ಲಿಸಿ-ಬಿಟ್ಟಾಗಲೂ ಚೈನ್, ಕ್ಲಚ್, ಹಿಂದಿನ ಹಬ್ ರಬ್ಬರ್ ಎಲ್ಲ ಹೊಡೆತ ತಿನ್ನುತ್ತವೆ. ಗಣೇಶನ ಮೆರವಣಿಗೇಲಿ ಹುಡುಗರು ನಿಂತಲ್ಲೇ ಲಿಮಿಟರ್‌ಗೆ ತಿರುಚಿ ಪಟಪಟ ಅನ್ನಿಸ್ತಾರಲ್ಲ, ಅದು ಇನ್ನೂ ಕೆಟ್ಟದ್ದು. ಬೈಕ್ ಓಡ್ತಿಲ್ಲ, ರೇಡಿಯೇಟರ್‌ಗೆ ಫ್ಯಾನ್ ಗಾಳಿ ಬಿಟ್ರೆ ಬೇರೆ ಇಲ್ಲ. ಕಿಡಿ ನಿಲ್ಲಿಸೋ ಟ್ಯೂನ್ ಹಾಕಿಸಿದ್ರಂತೂ ಸುಡದ ಪೆಟ್ರೋಲ್ ಸೈಲೆನ್ಸರ್ ಒಳಗೆ ಹತ್ತಿ ಉರಿದು ಕ್ಯಾಟಲಿಟಿಕ್ ಕನ್ವರ್ಟರ್ ಕರಗುತ್ತೆ.

ನಿಮ್ಮ ತೊಂದರೆಗೆ ಇಸಿಯು ಬೇಡ. ಇಬ್ಬರು ಕೂತು ದುರ್ಗ ಹತ್ತೋದೇ ಹೆಚ್ಚಾದ್ರೆ ಹಿಂದಿನ ಸ್ಪ್ರಾಕೆಟ್ ಒಂದೆರಡು ಹಲ್ಲು ದೊಡ್ಡದು ಹಾಕಿ 3ನೇ ಗೇರಲ್ಲೇ ಎಳೆಯೋ ಹಾಗೆ ಮಾಡ್ಕೊಳ್ಳಿ. ಚೈನ್ ಉದ್ದ ಸಾಲುತ್ತಾ ಮೊದಲು ನೋಡಿ, ಹೆದ್ದಾರೀಲಿ ಅದೇ ವೇಗಕ್ಕೆ ಆರ್‌ಪಿಎಂ ಸ್ವಲ್ಪ ಜಾಸ್ತಿ ಇರುತ್ತೆ.